ದನಿಯ ಹರಕೆ

ಸುಮ್ಮನಿರುವುದಕ್ಕೆ ಸಂಬಳ ತೆಗೆದುಕೊಳ್ಳುವ ಹೆಂಗಸು ಎಂದು ನಮ್ಮ ಕಡೆ ಹೆರ್ಲಿಂಡಾ ಕವಾಸೋಸ್‌ಳನ್ನು ಗೇಲಿ ಮಾಡುತ್ತಾರೆ. ಅದರಲ್ಲಿ ಪೂರ್ತಿ ಸುಳ್ಳೂ ಇಲ್ಲ. ಟೆಕ್ಸಸ್ಸಿನ ಈ ದಕ್ಷಿಣದ ತುದಿಯಲ್ಲಿ, ನದಿ ದಾಟಿದರೆ ಮೆಕ್ಸಿಕೋ ಎನ್ನುವಂಥ ಕೇರಿಗಳಲ್ಲಿ, ಮಾತು ತಡವಾದ ಎಳೆಮಕ್ಕಳ ಮನೆಗೆ ಹೋಗಿ ನೆಲದ ಮೇಲೆ ಕೂರುವುದು ಅವಳ ಕೆಲಸ. ಆಟದ ಸಾಮಾನು ಒಯ್ಯುವುದಿಲ್ಲ. ಆ ಮನೆಯದೇ ಚಮಚ, ಪಾತ್ರೆ, ನೀರಿನ ಲೋಟ ಸಾಕು. ಲೋಟವನ್ನು ಮಗುವಿಗೆ ತೋರಿಸಿ, ಕೊಡದೆ ಹಿಡಿದುಕೊಂಡು, ಅದರ ಮುಖವನ್ನೇ ನೋಡುತ್ತಾ ಕಾಯುತ್ತಾಳೆ. ತಾಯಂದಿರಿಗೆ ಜೀವ ಹೋದಂತಾಗುತ್ತದೆ. "ಕೊಟ್ಬಿಡು ತಾಯೀ, ಮಗೂಗೆ ಬಾಯಾರಿದೆ" ಎಂದು ಕೈ ಚಾಚುತ್ತಾರೆ. ಹೆರ್ಲಿಂಡಾ ಕಣ್ಣಲ್ಲೇ ಗದರುತ್ತಾಳೆ. ಕೇಳುವುದಕ್ಕೆ ಮೊದಲೇ ಕೈಗೆ ಬಂದರೆ ಮಗು ಯಾಕೆ ಬಾಯಿ ಬಿಡಬೇಕು ಎನ್ನುವುದು ಅವಳ ವಾದ.

ವಯಸ್ಸು ಐವತ್ತೈದು ದಾಟಿದೆ, ಗಂಡ ಇಲ್ಲ, ಮಂಡಿಯಲ್ಲಿ ನೋವು ಮನೆ ಮಾಡಿದೆ. ನೆಲದಿಂದ ಏಳುವಾಗ ನೆನಪಿಗೆ ಬಂದ ಸಂತರನ್ನೆಲ್ಲ ಕೂಗುತ್ತಾಳೆ. ಕುರ್ಚಿಯಲ್ಲಿ ಆರಾಮಾಗಿ ಕೂತಾಗ ಮಾತ್ರ, ಹರಕೆ ಗಿರಕೆ ಎಲ್ಲ ಮುದುಕಿಯರ ಕಟ್ಟುಕಥೆ ಅನ್ನುತ್ತಾಳೆ. ಹಾಗೆನ್ನುವವಳ ಕೂದಲನ್ನೇ ಏಳು ವರ್ಷದವರೆಗೆ ಕತ್ತರಿಸಿರಲಿಲ್ಲ. ಹುಟ್ಟಿದಾಗ ಉಳಿಯುವುದಿಲ್ಲ ಎಂದು ಹೆದರಿ ಅವಳ ಅಮ್ಮ ಆ ಮುಡಿಯನ್ನು ಸಾನ್ ಹ್ವಾನ್‌ನ ಗುಡಿಯ ಕನ್ಯಾಮಾತೆಗೆ ಹೇಳಿಕೊಂಡಿದ್ದಳು.

ಇಂಥ ಹೆರ್ಲಿಂಡಾ ದಾಮಿಯಾನ್‌ನ ಮನೆಗೆ ಹೋಗತೊಡಗಿದಾಗ ಅವನಿಗೆ ಮೂರು ತುಂಬಲು ಎರಡು ತಿಂಗಳೂ ಇರಲಿಲ್ಲ. ಸರ್ಕಾರದ ನಿಯಮದಂತೆ ಮೂರು ತುಂಬಿದ ದಿನ ಅವಳ ಕೆಲಸ ಅಲ್ಲಿಗೆ ಮುಗಿಯುತ್ತದೆ, ಆಮೇಲೆ ಮಗು ಶಾಲೆಯವರ ಪಾಲು. ಹೀಗೇ ಮೂಕನಾಗಿ ಹೋದರೆ ಅವನನ್ನು ದಡ್ಡರ ಮೂಲೆಯಲ್ಲಿ ಕೂರಿಸುತ್ತಾರೆ ಎನ್ನುವುದು ಅವಳಿಗೆ ಗೊತ್ತಿತ್ತು. ಕಿವಿ ಪರೀಕ್ಷೆಯಾಗಿತ್ತು, ಕಿವಿ ಚೆನ್ನಾಗಿತ್ತು. ಒಂದೂವರೆ ವರ್ಷದವನಿದ್ದಾಗ ನೀರು, ಕೋಳಿ, ಅಜ್ಜಿ ಎನ್ನುತ್ತಿದ್ದನಂತೆ. ಅದೂ ಈಗ ನಿಂತಿತ್ತು. ಕಿರುಚುತ್ತಿದ್ದ, ಕಚ್ಚುತ್ತಿದ್ದ, ಬೇಕಾದದ್ದು ಸಿಗದಿದ್ದರೆ ಬಾಗಿಲಿಗೆ ತಲೆ ಚಚ್ಚಿಕೊಳ್ಳುತ್ತಿದ್ದ.

ಆ ಮನೆಯಲ್ಲಿ ಹೆರ್ಲಿಂಡಾಳಿಗೆ ಮೊದಲ ದಿನವೇ ಉಸಿರು ಕಟ್ಟಿತು. ಟಿವಿ ಒಂದನ್ನು ಬಿಟ್ಟರೆ ಯಾರೂ ಮಾತಾಡುತ್ತಿರಲಿಲ್ಲ. ತಾಯಿ ಯಾದಿರಾ ಮಗನಿಗೆ ಆಗೊಂದು ಈಗೊಂದು ಇಂಗ್ಲಿಷ್ ಪದವನ್ನು ಮಾತ್ರೆ ನುಂಗಿಸುವ ಹಾಗೆ ಹೇಳುತ್ತಿದ್ದಳು. ತಂದೆ ಲಾರಿ ಓಡಿಸುವವನು, ತಿಂಗಳಲ್ಲಿ ನಾಲ್ಕು ದಿನ ಮನೆಯಲ್ಲಿದ್ದರೆ ಹೆಚ್ಚು. ಅಜ್ಜಿ ಕ್ರಿಸ್ಪಿನಾ, ಕೇರಿಯವರ ಬಾಯಲ್ಲಿ ದೋನ್ಯಾ ಅಂದರೆ ಅಮ್ಮಾವ್ರು, ಒಲೆಯ ಮುಂದೆ ರೊಟ್ಟಿ ತಟ್ಟುತ್ತಾ, ತುಟಿ ಬಿಗಿದುಕೊಂಡು, ಗೋಡೆಯ ಹಾಗೆ ನಿಂತಿದ್ದಳು. ಹುಡುಗ ಅವಳ ಸೊಂಟ ಹತ್ತಿ, ಎರಡು ಬೆರಳನ್ನು ಅವಳ ಬಾಯಿಗೆ ತೂರಿಸಿ, ತುಟಿ ಅಗಲಿಸಿ ಒಳಗೆ ಇಣುಕಿದ. ಮುದುಕಿ ಮೆಲ್ಲಗೆ ಅವನ ಕೈ ಬಿಡಿಸಿದಳು. ಅವನು ಮತ್ತೆ ತೂರಿಸಿದ.

"ನಿಮ್ಮತ್ತೆಗೆ ಮಾತು ಬರಲ್ವಾ?" ಎಂದು ಹೆರ್ಲಿಂಡಾ ಕೇಳಿದಳು.

"ಬರಲ್ವಾ ಅಂತೀರಾ? ಮುಂಚೆ ಅವರ ಬಾಯಿಗೆ ಹೆದರಿ ಪಕ್ಕದ ಮನೆ ನಾಯಿ ಬೊಗಳ್ತಿರ್ಲಿಲ್ಲ. ನಮ್ಮ ದೊಡ್ಡಪ್ಪನ ಮಗಳು ಸಾನ್ ಆಂಟೋನಿಯೋಲಿ ಆಫೀಸ್ ಕೆಲಸದಲ್ಲಿದಾಳೆ. ಎರಡೆರಡು ಭಾಷೆ ಕಿವಿಗೆ ಬಿದ್ರೆ ಮಗು ತಲೆ ಕಲಸುಮೇಲೋಗರ ಆಗತ್ತೆ, ಇಂಗ್ಲಿಷ್ ಒಂದೇ ಇರ್ಲಿ ಅಂದ್ಲು. ಇವರಿಗೋ ಸ್ಪ್ಯಾನಿಷ್ ಬಿಟ್ಟು ಬೇರೇದು ಬರಲ್ಲ. ಸ್ವಲ್ಪ ಕಮ್ಮಿ ಮಾತಾಡಿ ಅತ್ತೆ ಅಂದೆ, ಅಷ್ಟೇ. ಅವತ್ತು ಮುಚ್ಚಿದ ಬಾಯಿ ಇವತ್ತಿಗೂ ತೆಗೆದಿಲ್ಲ."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದು ಅಂದರೆ ಇದೇ. ಯಾದಿರಾ ಮಧ್ಯಾಹ್ನದಿಂದ ಕಿತ್ತಳೆ ಪ್ಯಾಕಿಂಗ್ ಶೆಡ್ಡಿನಲ್ಲಿರುತ್ತಾಳೆ. ಮಗು ಮಲಗುವವರೆಗೆ ಇರುವುದು ಅಜ್ಜಿಯ ಜೊತೆ. ಅವನಿಗೆ ಸಿಗಬೇಕಾದ ಮಾತಿನ ಮುಕ್ಕಾಲು ಪಾಲು ಆ ಬಿಗಿದ ತುಟಿಯ ಹಿಂದಿತ್ತು. ಎರಡು ಭಾಷೆಯಿಂದ ಯಾವ ಮಗುವೂ ಮೂಕವಾಗುವುದಿಲ್ಲ ಎಂದು ಹೆರ್ಲಿಂಡಾ ಬಿಡಿಸಿ ಹೇಳಿದಾಗ ಯಾದಿರಾ ಅತ್ತೇಬಿಟ್ಟಳು, ಅತ್ತೆಯ ಕೈ ಹಿಡಿದು ಬೇಡಿದಳು. ಕ್ರಿಸ್ಪಿನಾ ತಲೆಯಾಡಿಸಿದಳು, ತುಟಿ ತೆರೆಯಲಿಲ್ಲ.

ಹೆರ್ಲಿಂಡಾ ಕಾರಿನಲ್ಲಿ ಕೂತು ಹೊರಡಬೇಕು, ಕಿಟಕಿಯ ಗಾಜನ್ನು ಯಾರೋ ಬೆರಳಿನಿಂದ ಬಡಿದರು. ನೋಡಿದರೆ ಕ್ರಿಸ್ಪಿನಾ. ಮನೆಯ ಕಡೆ ಒಮ್ಮೆ ತಿರುಗಿ ನೋಡಿ, ಒಡೆದ ದನಿಯಲ್ಲಿ ಪಿಸುಗುಟ್ಟಿದಳು.

"ನನಗೆ ಸಿಟ್ಟಿಲ್ಲ ಮಗಳೇ. ಸೊಸೆ ಮೇಲೆ ಹಟಾನೂ ಇಲ್ಲ. ಅವಳು ಹಾಗಂದ ದಿನಾನೇ ನಾನು ಹರಕೆ ಹೊತ್ತೆ. ಆ ಹುಡುಗ ಅವನ ಬಾಯಿಂದ ಒಂದು ಮಾತಾಡೋವರೆಗೂ ನನ್ನ ದನಿ ಅವನ ಕಿವಿಗೆ ಬೀಳಲ್ಲ ಅಂತ ಸಾನ್ ಹ್ವಾನ್ ತಾಯಿ ಮುಂದೆ ಮೇಣದಬತ್ತಿ ಹಚ್ಚಿ ಹೇಳಿದೀನಿ. ಮುರಿದ್ರೆ ಅವನಿಗೇ ತಟ್ಟತ್ತೆ."

ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು. ಹುಡುಗ ಮಾತಾಡದೆ ಮುದುಕಿ ಬಾಯಿ ಬಿಡಳು, ಮುದುಕಿ ಬಾಯಿ ಬಿಡದೆ ಹುಡುಗ ಮಾತಾಡನು. ಹೆರ್ಲಿಂಡಾ ತಿಳಿಸಿ ಹೇಳಿದಳು, ಕೈಮುಗಿದಳು, ಕೊನೆಗೆ ಚರ್ಚಿಗೆ ಬಂದಿದ್ದ ಹೊಸ ಪಾದ್ರಿಯನ್ನೇ ಮನೆಗೆ ಕರೆತಂದಳು. ಆತ ಹುರುಪಿನ ಹುಡುಗ. ಹರಕೆಯಿಂದ ನಿಮ್ಮನ್ನು ಬಿಡಿಸಿದ್ದೇನೆ ಎಂದು ಮುದುಕಿಯ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದ. ಕ್ರಿಸ್ಪಿನಾ ಅವನ ಕೈಗೆ ಮುತ್ತಿಟ್ಟಳು, ಕಾಫಿ ಕೊಟ್ಟಳು, ಸಿಹಿಬ್ರೆಡ್ಡು ಕೊಟ್ಟಳು. ಮಾತು ಮಾತ್ರ ಕೊಡಲಿಲ್ಲ.

ಅಷ್ಟರಲ್ಲಿ ಹುಡುಗನ ಹುಟ್ಟುಹಬ್ಬಕ್ಕೆ ಮೂರು ವಾರ ಉಳಿದಿತ್ತು. ಅವನು ಈಗ ಲೋಟದ ಕಡೆ ನೋಡುವುದನ್ನೂ ಬಿಟ್ಟಿದ್ದ. ಹೆರ್ಲಿಂಡಾ ತಾಳ್ಮೆಗೆ ಹೆಸರಾದವಳು, ಆ ದಿನ ಅಂಗಳದಲ್ಲಿ ಮುದುಕಿಯ ಮೇಲೆ ಹರಿಹಾಯ್ದಳು.

"ಪಾದ್ರಿ ಹೇಳಿದ್ರೂ ಕೇಳಲ್ವಲ್ಲ! ಏನೂ ಆಗಲ್ಲ ದೋನ್ಯಾ, ಮೂರಕ್ಷರ ಮಾತಾಡಿದ್ರೆ ಆಕಾಶ ಕಳಚಿ ಬೀಳಲ್ಲ."

"ಪಾದ್ರಿಗೇನು ಕಳ್ಕೊಳೋಕಿದೆ? ಹೆಂಡ್ತಿಯೋ ಮಕ್ಕಳೋ?" ಎಂದು ಕ್ರಿಸ್ಪಿನಾ ಪಿಸುದನಿಯಲ್ಲೇ ಕುಟುಕಿದಳು. "ನಮ್ಮಕ್ಕ ತನ್ನ ಮಗ ಯುದ್ಧದಿಂದ ವಾಪಸ್ ಬಂದ್ರೆ ಮಂಡಿಯೂರಿಕೊಂಡು ಗುಡಿಗೆ ಬರ್ತೀನಿ ಅಂದಿದ್ಲು. ಬಂದ. ಇವಳು ಕಾರಲ್ಲಿ ಹೋದ್ಲು. ಅದೇ ವಾರ ಅವನು ಕಣಜದ ಹುಳ ಕಚ್ಚಿ ಸತ್ತ. ಗುಂಡು ತಾಗದೆ ಬಂದವನು, ಕಣಜಕ್ಕೆ!"

"ಅದು ಕಾಕತಾಳೀಯ."

"ಹಾಗೇ ಅನ್ಕೋ. ನಿನ್ನ ಮಗಳು ಮಿರ್ತಾ ಬಸುರಿ ಅಲ್ವಾ? ಎರಡು ಹೋಗಿ ಇದು ಮೂರನೇದು ಅಂತ ಯಾದಿರಾ ಹೇಳಿದ್ಲು. ಏನೂ ಆಗಲ್ಲ ಅಂತೀಯಲ್ಲ, ಹಾಗಾದ್ರೆ ಹರಕೆ ಮುರಿದ ಪಾಪ ನನ್ನ ಮಗಳ ಮೇಲೆ ಬರ್ಲಿ ಅಂತ ನೀನೇ ಬಾಯಿಬಿಟ್ಟು ಹೇಳು. ಈಗ್ಲೇ ಒಳಗೆ ಹೋಗಿ ಅವನ ಹತ್ರ ಮಾತಾಡ್ತೀನಿ."

ಹೆರ್ಲಿಂಡಾ ಬಾಯಿ ತೆರೆದಳು. ಒಂದೇ ಒಂದು ವಾಕ್ಯ. ಹೇಳಿದ್ದರೆ ಮುಗಿಯುತ್ತಿತ್ತು. ಎದುರಿಗೆ ಮುದುಕಿ ಕಣ್ಣು ಮಿಟುಕಿಸದೆ ಕಾಯುತ್ತಿದ್ದಳು. ಹೆರ್ಲಿಂಡಾಳಿಗೆ ನಾಚಿಕೆಯಾಯಿತು. ತಿರುಗಿ ಕಾರು ಹತ್ತಿ ಹೊರಟುಹೋದಳು.

ಆ ವಾರ ಅವಳಿಗೆ ಊಟ ಸೇರಲಿಲ್ಲ. ಮೂಢನಂಬಿಕೆ ಎಂದು ತನಗೆ ತಾನೇ ಸಾವಿರ ಸಲ ಹೇಳಿಕೊಂಡಳು. ಹಾಗಾದರೆ ಯಾಕೆ ಹೇಳಲಿಲ್ಲ ಎಂದು ಮನಸ್ಸು ತಿರುಗಿ ಕೇಳುತ್ತಿತ್ತು. ಮಗಳ ಮನೆಗೆ ಕೋಳಿ ಸಾರು ಒಯ್ದಳು. ಏಳು ತಿಂಗಳ ಹೊಟ್ಟೆಯ ಮೇಲೆ ಕೈಯಿಟ್ಟಳು, ಸುಟ್ಟಂತಾಗಿ ಕೈ ತೆಗೆದಳು. ಬೇರೆಯವರ ಮಗುವಿಗಾಗಿ ಸ್ವಂತ ಮಗಳ ಬಸಿರನ್ನು ಪಣಕ್ಕಿಡಲು ಯಾವ ತಾಯಿಗೆ ಮನಸ್ಸು ಬಂದೀತು? ನನ್ನನ್ನು ಕೇಳಿದ್ದರೆ ನಾನೂ ಕಾರು ಹತ್ತಿ ಓಡುತ್ತಿದ್ದೆ.

ಮುಂದಿನ ಮಂಗಳವಾರ ಅವಳು ಬಾಗಿಲು ತಟ್ಟುವ ಮೊದಲೇ ಒಳಗಿಂದ ದಡ್ ದಡ್ ಸದ್ದು ಕೇಳುತ್ತಿತ್ತು. ದಾಮಿಯಾನ್ ಬಾಗಿಲಿಗೆ ಹಣೆ ಚಚ್ಚಿಕೊಳ್ಳುತ್ತಿದ್ದ. ಯಾದಿರಾ ಅವನನ್ನು ಎಳೆಯುತ್ತಾ ಇಂಗ್ಲಿಷಿನಲ್ಲಿ ಬೇಡ ಬೇಡ ಎಂದು ಅಳುತ್ತಿದ್ದಳು. ಹುಬ್ಬಿನ ಮೇಲೆ ಚರ್ಮ ಒಡೆದು ರಕ್ತ ಕಣ್ಣಿಗೆ ಇಳಿದಿತ್ತು. ಕ್ರಿಸ್ಪಿನಾ ನೆಲದ ಮೇಲೆ ಕೂತು, ಸೆರಗಿನಂತೆ ಹೊದ್ದ ಶಾಲನ್ನು ಬಾಯಿಗೆ ತುರುಕಿಕೊಂಡಿದ್ದಳು. ಕೂಗಿದರೆ ಅವನು ನಿಲ್ಲುತ್ತಾನೆ ಎಂದು ಅವಳಿಗೂ ಗೊತ್ತಿತ್ತು. ಕೂಗಿದರೆ ಅವನು ಸಾಯುತ್ತಾನೆ ಎಂದೂ ಅಷ್ಟೇ ಗಟ್ಟಿಯಾಗಿ ಗೊತ್ತಿತ್ತು.

ಹುಡುಗ ಇನ್ನೊಮ್ಮೆ ಹಿಂದಕ್ಕೆ ವಾಲಿದ.

"ನನ್ನ ಮೇಲೆ ಬರ್ಲಿ" ಎಂದಳು ಹೆರ್ಲಿಂಡಾ.

ಮುದುಕಿ ಅವಳನ್ನೇ ನೋಡಿದಳು. ಅಷ್ಟು ಸಾಲದು ಎಂದು ಆ ನೋಟ ಹೇಳಿತು.

"ನನ್ನ ಮಗಳ ಮೇಲೆ ಬರ್ಲಿ! ಅವಳ ಹೊಟ್ಟೇಲಿರೋದರ ಮೇಲೆ ಬರ್ಲಿ! ಆಯ್ತಾ? ಹೇಳಿದೀನಿ. ಈಗ ಕರೀರಿ ಅವನನ್ನ!"

ಕ್ರಿಸ್ಪಿನಾ ಶಾಲನ್ನು ಬಾಯಿಂದ ಕಿತ್ತು ಎಸೆದಳು. "ದಾಮೀ! ನನ್ನ ಬಂಗಾರಾ, ಬಾರೋ ಇಲ್ಲಿ, ಅಜ್ಜಿ ಹತ್ರ ಬಾ!"

ಹುಡುಗನ ತಲೆ ಅರ್ಧದಲ್ಲೇ ನಿಂತಿತು. ಅವನು ತಿರುಗಿದ. ರಕ್ತದ ನಡುವೆ ಒಂದು ಕಣ್ಣು ಬಿಟ್ಟುಕೊಂಡು, ಆ ದನಿ ಎಲ್ಲಿಂದ ಬಂತು ಎಂದು ಹುಡುಕಿ, ಅಜ್ಜಿಯ ಮಡಿಲಿಗೆ ಹೋಗಿ ಬಿದ್ದ. ಎರಡು ಬೆರಳನ್ನು ಅವಳ ತುಟಿಯ ಮೇಲಿಟ್ಟ. ಈ ಸಲ ತುಟಿ ತಾನಾಗಿ ಆಡುತ್ತಿತ್ತು. ಅವಳು ಮಾತಾಡುತ್ತಲೇ ಇದ್ದಳು, ಕೋಳಿಯ ಸುದ್ದಿ, ಸತ್ತ ಗಂಡನ ಸುದ್ದಿ, ಬಾಯಿಗೆ ಬಂದದ್ದು. ಹುಡುಗ ಆ ಬೆರಳು ತೆಗೆಯದೆಯೇ ನಿದ್ದೆಹೋದ. ಹಣೆಗೆ ಔಷಧಿ ಹಚ್ಚಿದ್ದೂ ಅವನಿಗೆ ತಿಳಿಯಲಿಲ್ಲ.

ಇದ್ದಕ್ಕಿದ್ದಂತೆ ಪವಾಡವೇನೂ ಆಗಲಿಲ್ಲ. ಎರಡು ವಾರ ಮುದುಕಿಯ ಮಾತಿಗೆ ಕಟ್ಟೆಯೊಡೆದಿತ್ತು, ಹುಡುಗ ಕೇಳುತ್ತಿದ್ದ ಅಷ್ಟೇ. ಹೆರ್ಲಿಂಡಾಳ ಕೊನೆಯ ದಿನ ಬಂತು. ಅವಳು ನೆಲದ ಮೇಲೆ ಲೋಟ ಹಿಡಿದು ಕೂತಿದ್ದಳು. ಪಕ್ಕದಲ್ಲಿ ಕ್ರಿಸ್ಪಿನಾ ಕಾಯುವುದು ಎಂದರೇನೆಂದೇ ಮರೆತವಳ ಹಾಗೆ, "ನೀರು ಕೇಳು ಕಂದಾ, ನೀರು, ತಣ್ಣಗಿದೆ ನೋಡು, ಕೇಳೋ ರಾಜಾ, ನಿಮ್ಮ ತಾತ ಹೀಗೇ ಮೊಂಡ" ಎಂದು ಒಂದೇ ಸಮನೆ ಸುರಿಯುತ್ತಿದ್ದಳು. ಹುಡುಗ ಹುಬ್ಬು ಗಂಟಿಕ್ಕಿದ. ಅಂಗೈಯನ್ನು ಅಜ್ಜಿಯ ಬಾಯಿಗೆ ಅಡ್ಡ ಹಿಡಿದ.

"ಆಕು!" ಎಂದ. ಸಾಕು, ಎಂದು.

ಯಾದಿರಾ ಕೈಯಲ್ಲಿದ್ದ ಪಾತ್ರೆ ಕೆಳಗೆ ಬಿತ್ತು. ಕ್ರಿಸ್ಪಿನಾ ನಗುತ್ತಾ ಅಳುತ್ತಾ, "ಬೈದ! ನನ್ನ ಬೈದ ಕಣೇ ಇವನು!" ಎಂದು ಮೊಮ್ಮಗನ ಕೆನ್ನೆಗೆ ಮುತ್ತಿಟ್ಟಳು. ಆಮೇಲೆ ಹೆರ್ಲಿಂಡಾಳ ಮುಖ ನೋಡಿ, ನಗು ನುಂಗಿ, ಅವಳ ಕೈಯನ್ನು ಬಲವಾಗಿ ಹಿಡಿದುಕೊಂಡಳು.

ಹೆರ್ಲಿಂಡಾ ಕಾರಿನಲ್ಲಿ ಕೂತಳು. ಕೀಲಿ ತಿರುಗಿಸಲಿಲ್ಲ. ಮಗಳಿಗೆ ಫೋನ್ ಮಾಡಿದಳು.

"ಬೆಳಿಗ್ಗೆಯಿಂದ ಇದು ಮೂರನೇ ಸಲ ಅಮ್ಮಾ. ಏನಾಗಿದೆ ನಿಂಗೆ?"

"ಏನಿಲ್ಲ. ಮಗು ಒದೀತಿದ್ಯಾ?"

"ಇವತ್ತು ಯಾಕೋ ಸುಮ್ನಿದೆ. ಮಲಗಿರ್ಬೇಕು."

ಹೆರ್ಲಿಂಡಾ ಫೋನನ್ನು ಕಿವಿಗೆ ಒತ್ತಿಕೊಂಡಳು. "ಫೋನ್ ಇಡ್ಬೇಡ. ಎಡಕ್ಕೆ ತಿರುಗಿ ಮಲಗು, ಸ್ವಲ್ಪ ಸಿಹಿ ತಿನ್ನು. ಅದು ಒದೆಯೋವರೆಗೂ ಇಡ್ಬೇಡ."

ಹುಟ್ಟಿದಾಗಿನಿಂದ ಇಷ್ಟು ಕಷ್ಟಪಟ್ಟು ಅವಳು ಯಾವುದಕ್ಕೂ ಕಾದಿರಲಿಲ್ಲ. ಬಿಸಿಲಿಗೆ ಕಾರು ಕಾದ ಹೆಂಚಾಗಿತ್ತು, ಬೆವರು ಕುತ್ತಿಗೆಯಿಂದ ಇಳಿಯುತ್ತಿತ್ತು. ಗಾಜು ಇಳಿಸಲೂ ಅವಳು ಅಲುಗಲಿಲ್ಲ. ಆ ಕಡೆ ಮಿರ್ತಾ ಏನೋ ಅಗಿಯುತ್ತಿದ್ದದ್ದು ಕೇಳುತ್ತಿತ್ತು.

"ಹಾಂ, ಒದೀತು. ಪಕ್ಕೆಗೇ ಕೊಡ್ತು. ಸಮಾಧಾನ ಆಯ್ತಾ?"

"ಆಯ್ತು" ಎಂದಳು ಹೆರ್ಲಿಂಡಾ. "ಸಾಯಂಕಾಲ ಮತ್ತೆ ಮಾಡ್ತೀನಿ."