ಗಲ್ಲ ಇಟ್ಟು ನೋಡುವ ಬಡಿಗೇರ

ನನ್ನ ಮೊಮ್ಮಗಳು ಇವತ್ತು ನಮ್ಮ ಊಟದ ಸಾಲಿನಲ್ಲಿ ನೆಲದ ಮೇಲೆ ಕೂತು, ತನ್ನ ಕೈಯಿಂದಲೇ ಉಂಡಳು! ಸೊಂಟದಲ್ಲಿ ಬಲವಿಲ್ಲದ ಕೂಸು, ಹಿಡಿಯದಿದ್ದರೆ ಪಕ್ಕಕ್ಕೆ ವಾಲುತ್ತಿತ್ತು. ಇದು ಮಸ್ಕಿಯ ಬಡಿಗೇರನ ಪುಣ್ಯ.

ಅವಳ ಹೊಟ್ಟೆಗೆ ಒಪ್ಪುವಂತೆ ಅಂಚಿನಲ್ಲಿ ಅರ್ಧಚಂದ್ರ ಕೊರೆದು, ಆತ ಸಾಗವಾನಿಯ ಗಿಡ್ಡ ಮೇಜು ಮಾಡಿದ. ತಿಕ್ಕಿದ, ತಿಕ್ಕಿದ, ತಿಕ್ಕುತ್ತಲೇ ಇದ್ದ. ಪ್ರತಿ ಸಲ ಅಂಚಿಗೆ ಗಲ್ಲ ಒತ್ತಿ ನೋಡಿ, "ಇನ್ನೊಂದ್ ಕೈ ಆಗ್ಲಿ" ಅನ್ನುತ್ತಿದ್ದ.

ಅಂಗಡಿಯಲ್ಲಿ ಕಾದು ಕೂತಿದ್ದ ನನಗೆ ತಡೆಯಲಿಲ್ಲ. "ತಮ್ಮಾ, ಇಷ್ಟ್ ಗಡ್ಡ ಇರೋ ಗಲ್ಲಕ್ಕ ಏನ್ ತಿಳಿತೈತಿ? ಸಾಕು, ಕೊಡು."

"ಹಂಗಾರ ನಿಮ್ ಗಲ್ಲಾನ ಇಡ್ರಿ, ಅಮ್ಮಾ."

ಜಂಬದಿಂದ ಇಟ್ಟೆ. ಕಟ್ಟಿಗೆಯ ಸಿಬಿರು ಚುರ್ರನೆ ಚುಚ್ಚಿತು!

ಆತ ನಗಲಿಲ್ಲ. "ಕೂಸು ವಾಲಿದ್ರ ಗಲ್ಲ ಇಲ್ಲೇ ತಾಗತೈತ್ರಿ" ಎಂದು ಮತ್ತೆ ಪಾಲಿಶ್ ಪೇಪರ್ ಹಿಡಿದ.

ಇವತ್ತು ಆ ಮೇಜು ಆಟೋದಲ್ಲಿ ಮನೆಗೆ ಬಂತು. ಸಂಜೆ ರೊಟ್ಟಿ, ಪುಂಡಿಪಲ್ಯ ಬಡಿಸಿಕೊಂಡು ಮನೆಮಂದಿಯೆಲ್ಲ ಕೂತೆವು. ಮೊಮ್ಮಗಳು ಮೇಜಿಗೆ ಒತ್ತಿಕೊಂಡು ನೆಟ್ಟಗೆ ಕೂತಿದ್ದಳು. ದಿನಾ ಅವಳನ್ನು ತೊಡೆಯ ಮೇಲಿಟ್ಟುಕೊಂಡು ಉಣಿಸಿ, ಕಡೆಗೆ ಆರಿದ್ದನ್ನು ಉಣ್ಣುವವಳು ನಾನು. ಇವತ್ತೂ ರೂಢಿಯಂತೆ ತುತ್ತು ಮಾಡಿ ಕೈ ಚಾಚಿದೆ.

"ನೀ ಉಣ್ಣು, ಅಜ್ಜಿ," ಎಂದಳು. "ರೊಟ್ಟಿ ಬಿಸಿ ಐತಿ."