ದೊಡ್ಡ ಪುಟವನ್ನು ಚೂರು ಮಾಡದ ಜುಸಾರಾ

ಕಂಪಿನಾ ಗ್ರಾಂಡೆಯಲ್ಲಿ ಇನ್ನೂ ಬೆಳಕು ಹರಿದಿಲ್ಲ. ಜೂನ್ ತಿಂಗಳ ಮಂಜು ಕಿಟಕಿಗೆ ಮೆತ್ತಿಕೊಂಡಿದೆ. ಒಲೆಯ ಮೇಲೆ ಮೆಕ್ಕೆಜೋಳದ ಕುಸ್ಕುಸ್ ಹಬೆಯಾಡುತ್ತಿದೆ. ಅಡುಗೆಮನೆಯ ಮೇಜಿನ ಒಂದು ತುದಿಯಲ್ಲಿ ತಾಯಿ ದೋನ ಒದೆಟಿಯ ಹೊಲಿಗೆ ಯಂತ್ರ, ಇನ್ನೊಂದು ತುದಿಯಲ್ಲಿ ಮಗಳು ಜುಸಾರಾ ನೊಬ್ರೆಗಾ ಅವರ ಲ್ಯಾಪ್‌ಟಾಪ್. ಮೇಜಿನ ಕೆಳಗೆ, ಮುಚ್ಚಳ ಬಿಚ್ಚಿಟ್ಟ ಹಳೆಯ ಕಂಪ್ಯೂಟರೊಂದು ಕೆಲಸ ನಿಲ್ಲಿಸಿ ಕೂತಿದೆ. ಐವತ್ತು ದಾಟಿದ ಜುಸಾರಾ ಶಾಲು ಹೊದ್ದುಕೊಂಡೇ ಕಾಲಿನ ಹೆಬ್ಬೆರಳಿನಿಂದ ಅದರ ಗುಂಡಿ ಒತ್ತುತ್ತಾರೆ.

"ಬಿದ್ದಿದೆ ನೋಡಿ," ಎಂದು, ಅದೇ ಬೀದಿಯಿಂದ ಬಂದು ಕೂತ ನನ್ನತ್ತ ತಿರುಗಿ ನಗುತ್ತಾರೆ. "ಪರೀಕ್ಷೆ ಮಾಡೋವಾಗ ನನ್ ಮನೇಲಿ ಬಿದ್ರೆ ಒಳ್ಳೇದೇ. ಬೇರೆಯೋರ ಮನೇಲಿ ಬೀಳ್ಬಾರ್ದು ಅಷ್ಟೆ."

"ಕಂಪ್ಯೂಟರ್ ಕೆಟ್ಟಿದ್ದಕ್ಕೆ ಖುಷಿಪಡೋಳು ಈ ಊರಲ್ಲಿ ಇವಳೊಬ್ಳೇ," ಎಂದು ದೋನ ಒದೆಟಿ ಹೊಲಿಗೆ ಯಂತ್ರದ ಹಿಂದಿನಿಂದ ಗೊಣಗುತ್ತಾರೆ. "ಪಾತ್ರೆ ನೀರು ಇಂಗ್ತಿದೆ ಕಣೇ, ಮೊದ್ಲು ಅದನ್ನ ನೋಡು!"

ಜುಸಾರಾ ಕೆಲಸ ಮಾಡುವುದು ಕರ್ನಲ್ ಮೇಲೆ. ಕಂಪ್ಯೂಟರಿನ ಎಲ್ಲ ತಂತ್ರಾಂಶಗಳ ಅಡಿಯಲ್ಲಿ ಕೂತು ಯಾರಿಗೆ ಎಷ್ಟು ಜಾಗ, ಯಾರಿಗೆ ಯಾವ ಹಕ್ಕು ಎಂದು ನಿರ್ಧರಿಸುವ ತಿರುಳು ಅದು. ಯಂತ್ರದ ನೆನಪಿನ ಜಾಗವನ್ನು ಅದು ಪುಟಗಳಾಗಿ ಹಂಚುತ್ತದೆ. ಈ ಪುಟವನ್ನು ಓದಬಹುದು, ಆ ಪುಟದಲ್ಲಿ ಬರೆಯಲೂಬಹುದು ಎಂದು ಅನುಮತಿ ಕೊಡುತ್ತದೆ. ಪುಟಗಳು ಲಕ್ಷಗಟ್ಟಲೆಯಾದಾಗ ಲೆಕ್ಕವಿಡುವುದೇ ಹೊರೆ. ಅದಕ್ಕೇ ಐನೂರ ಹನ್ನೆರಡು ಸಣ್ಣ ಪುಟಗಳ ಜಾಗವನ್ನು ಒಂದೇ ದೊಡ್ಡ ಪುಟವೆಂದು ಎಣಿಸುವ ಏರ್ಪಾಡಿದೆ. ತೊಡಕು ಬರುವುದು ಅನುಮತಿ ಬದಲಿಸುವಾಗ.

ಇದನ್ನು ನನಗಿಂತ ಮೊದಲು ಅರ್ಥ ಮಾಡಿಕೊಂಡವರು ಎದುರುಮನೆಯ ದೋನ ನೆವಿನ್ಯಾ. ಅವರದು ಜೋಳದ ಕೇಕಿನ ವ್ಯಾಪಾರ.

"ನೆವಿನ್ಯಾ, ತಟ್ಟೆ ತುಂಬಾ ಒಂದೇ ಕೇಕ್ ಇದೆ ಅಂದ್ಕೊಳಿ," ಎಂದು ಜುಸಾರಾ ಒಮ್ಮೆ ಅವರ ಗೇಟಿನ ಬಳಿ ನಿಂತು ಹೇಳಿದ್ದರು. "ಒಬ್ರು ಬಂದು, ಒಂದು ಮೂಲೆಗೆ ಮಾತ್ರ ತೆಂಗಿನ ತುರಿ ಹಾಕಿ ಅಂತಾರೆ. ಆಗ ಕತ್ತರಿಸ್ಲೇಬೇಕು. ಆದ್ರೆ ಇಡೀ ಕೇಕಿಗೇ ತುರಿ ಬೇಕು ಅಂದ್ರೂ ಚೂರು ಚೂರು ಮಾಡಿ, ಒಂದೊಂದಕ್ಕೇ ಉದುರಿಸ್ತಾ ಕೂತ್ರೆ?"

"ಸಾಲಲ್ಲಿ ನಿಂತೋರು ನನ್ನೇ ಕತ್ತರಿಸ್ತಾರೆ!"

"ಕರ್ನಲ್ ಕೆಲವು ಕಡೆ ಹಾಗೇ ಮಾಡ್ತಿದೆ. ಚೂರು ಮಾಡೋವರೆಗೂ ಬೇರೆಯೋರೆಲ್ಲ ಕಾಯ್ಬೇಕು. ಅದನ್ನ ತಪ್ಪಿಸೋದೇ ನನ್ ಕೆಲ್ಸ."

"ಇಷ್ಟಕ್ಕೆ ನಿನಗೆ ವರ್ಷಗಟ್ಟಲೆ ಬೇಕಾಯ್ತಾ ಮಗಳೇ?" ಎಂದರಂತೆ ನೆವಿನ್ಯಾ.

ಬೇಕಾಯಿತು. ಜುಸಾರಾ ಮೊದಲು ಒಂದು ಶಾಲೆಯ ಕಂಪ್ಯೂಟರ್ ಕೋಣೆ ನೋಡಿಕೊಳ್ಳುತ್ತಿದ್ದರು. ದಾನವಾಗಿ ಬಂದ ಯಂತ್ರಗಳು ಪಾಠದ ನಡುವೆ ನಿಂತುಬಿಡುತ್ತಿದ್ದವು. "ಬಯ್ಯೋಣ ಅಂದ್ರೆ ಯಾರೂ ಸಿಗಲಿಲ್ಲ. ಕರ್ನಲ್ ಬರಹ ಯಾರು ಬೇಕಾದ್ರೂ ಓದೋ ಹಾಗೆ ಇಟ್ಟಿದ್ರು. ಸರಿ, ನಾನೇ ಒಳಗಿಳಿದೆ. ಇಳಿದೋಳು ಮೇಲೆ ಬರ್ಲೇ ಇಲ್ಲ." ಈಗ ಒಂದು ಚಿಕ್ಕ ಕಂಪನಿ ಅವರ ಅರ್ಧ ದಿನಕ್ಕೆ ಸಂಬಳ ಕೊಡುತ್ತದೆ. ಉಳಿದರ್ಧ, ಅವರ ಮಾತಿನಲ್ಲೇ ಹೇಳುವುದಾದರೆ, "ಚಟ". ಬೆಳಗಾಗುವ ಮುನ್ನವೇ ಏಳುವುದು ಯುರೋಪಿನ ಕರ್ನಲ್ ಜತೆಗಾರರ ಸಲುವಾಗಿ. ಅಲ್ಲಿಯವರು ಆ ಹೊತ್ತಿಗೆ ಕೆಲಸಕ್ಕೆ ಕೂತಿರುತ್ತಾರೆ.

ನಾಲ್ಕು ವರ್ಷಗಳ ಹಿಂದೆ ಅವರ ಮೊದಲ ದೊಡ್ಡ ತಿದ್ದುಪಡಿ ಕರ್ನಲ್‌ಗೆ ಸೇರಿತು. ಕೆಲವೇ ವಾರಗಳಲ್ಲಿ ಅದನ್ನು ಕಿತ್ತು ಹಾಕಿದರು. ದೊಡ್ಡ ಪುಟವನ್ನು ಒಡೆಯಬೇಕಾದಾಗ ಸಣ್ಣ ಪುಟಗಳ ಹೊಸ ಪಟ್ಟಿಗೂ ಸ್ವಲ್ಪ ಜಾಗ ಬೇಕು. ನೆನಪು ಭರ್ತಿಯಾಗಿದ್ದ ಯಂತ್ರಗಳಲ್ಲಿ ಆ ಜಾಗ ಸಿಗದೆ ಬದಲಾವಣೆ ಅರ್ಧಕ್ಕೇ ನಿಂತು, ಯಂತ್ರ ಸತ್ತುಹೋಗುತ್ತಿತ್ತು. ಅದನ್ನು ಪತ್ತೆ ಹಚ್ಚಿದವರು ಕರ್ನಲ್ ತಿದ್ದುಪಡಿಗಳ ಪರಿಶೀಲಕ, ಪ್ರಾಗ್ ನಗರದ ಓತಾಕರ್. ಬರೆದದ್ದು ಒಂದೇ ಸಾಲು: ಇದು ಸುರಕ್ಷಿತವಲ್ಲ, ಹಿಂತೆಗೆಯುತ್ತಿದ್ದೇನೆ.

"ಊರೆಲ್ಲ ನನ್ನೇ ನೋಡ್ತಿದೆ ಅನ್ನಿಸ್ತು," ಎನ್ನುತ್ತಾರೆ ಜುಸಾರಾ. "ಊರಿಗೆ ಗೊತ್ತೇ ಇರ್ಲಿಲ್ಲ, ಆ ಮಾತು ಬೇರೆ."

ಅವರು ಲ್ಯಾಪ್‌ಟಾಪ್ ಮುಚ್ಚಿಟ್ಟರು. ಆ ಸಲ ಜೂನ್ ತಿಂಗಳ ಸಾವೊ ಜೊವಾವೊ ಹಬ್ಬಕ್ಕೆ ಅಮ್ಮನ ಜೊತೆ ಕೂತು ಕುಣಿತದವರ ಲಂಗಗಳಿಗೆ ಅಂಚು ಹೊಲಿದರು. ಎರಡನೇ ವಾರಕ್ಕೇ ದೋನ ಒದೆಟಿಗೆ ಸಾಕಾಯಿತು.

"ನಾನು ಹೊಲಿದಿದ್ದನ್ನ ಎಷ್ಟು ಸಲ ಬಿಚ್ಚಿ ಹೊಲಿದಿಲ್ಲ? ಅದಕ್ಕೇನು ಸತ್ತೋದ್ನಾ? ಅಂಚು ಸೊಟ್ಟಗೆ ಹೊಲೀತೀಯ, ಬಟ್ಟೆ ಹಾಳು. ಹೋಗು, ನಿನ್ನ ಯಂತ್ರನೇ ಹಾಳು ಮಾಡ್ಕೋ."

ಕತ್ತರಿ ಹಾಕುವ ಮೊದಲೇ ನೂಲು, ಗುಂಡಿ ಎಲ್ಲ ಜೋಡಿಸಿಟ್ಟುಕೊಳ್ಳಬೇಕೆಂದು ತಾನು ಹೇಳಿಕೊಟ್ಟದ್ದರಿಂದಲೇ ಮಗಳಿಗೆ ದಾರಿ ಹೊಳೆಯಿತು ಎಂದು ದೋನ ಒದೆಟಿ ಇಡೀ ಬೀದಿಗೆ ಹೇಳಿಕೊಂಡು ಬಂದಿದ್ದಾರೆ. ಜುಸಾರಾ ಇದನ್ನು ಒಪ್ಪುವುದಿಲ್ಲ. "ಅಮ್ಮ ಬಿಡೋದೆಲ್ಲ ಬುರುಡೆ. ಅರ್ಧ ಯೋಚನೆ ಓತಾಕರ್‌ದು. ನಾನು ಪತ್ರ ಬರೆದು ಜಗಳ ಆಡಿದೆ, ಅವರೂ ಬಿಡದೆ ಜಗಳ ಆಡಿದ್ರು. ಆ ಜಗಳದಲ್ಲೇ ದಾರಿ ಸಿಕ್ತು." ದಾರಿ ಇಷ್ಟು: ಇಡೀ ಪುಟದ ಅನುಮತಿ ಬದಲಾಗುವುದಾದರೆ ಒಡೆಯದೆ ಒಂದೇ ಏಟಿಗೆ ಬದಲಿಸುವುದು. ಒಡೆಯಲೇಬೇಕಾದರೆ ಬೇಕಾದ ಜಾಗವನ್ನೆಲ್ಲ ಮೊದಲೇ ಕಾದಿರಿಸಿ, ಸಿಗದಿದ್ದರೆ ಪುಟವನ್ನು ಮುಟ್ಟದೆ ಹಿಂದೆ ಸರಿಯುವುದು.

ಈ ಹೊತ್ತಿಗೇ ಅದೆಯಿಲ್ತನ್ ಮನೆಗೆ ಬಂದದ್ದು. ಅವರು ಹಗಲು ಹೆರಿಗೆ ಆಸ್ಪತ್ರೆಯೊಂದರಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವರು, ಸಂಜೆ ನಮ್ಮ ಬೀದಿಯ ಫೊರ್ರೊ ಕುಣಿತದ ವಾದ್ಯ ತಂಡದಲ್ಲಿ ಕಬ್ಬಿಣದ ತ್ರಿಕೋನ ಬಾರಿಸುವವರು. ದೂರದ ಊರುಗಳಲ್ಲಿ ಹುಟ್ಟಿದ ಮಗುವಿನ ಎದೆಯ ಮೇಲೆ ಅಲ್ಲಿನ ನರ್ಸ್ ಸ್ಕ್ಯಾನ್ ಸಲಕರಣೆ ಹಿಡಿದರೆ, ಇಲ್ಲಿ ಹೃದಯದ ವೈದ್ಯೆ ಡಾಕ್ಟರ್ ವಲ್ಕೀರಿಯಾ ಪರದೆಯಲ್ಲಿ ನೋಡುತ್ತಾರೆ. ಆದರೆ ಚಿತ್ರ ನಡುನಡುವೆ ನಿಲ್ಲುತ್ತಿತ್ತು. ಬಂದ ಚಿತ್ರಗಳನ್ನು ಯಾರೂ ತಿದ್ದದಂತೆ 'ಓದಲು ಮಾತ್ರ' ಎಂದು ಬದಲಿಸುವಾಗ ಆಸ್ಪತ್ರೆ ಯಂತ್ರದ ಕರ್ನಲ್ ದೊಡ್ಡ ಪುಟಗಳನ್ನೆಲ್ಲ ಚೂರು ಮಾಡುತ್ತಿತ್ತು. ಇದನ್ನು ಜುಸಾರಾ ಒಂದು ಮಧ್ಯಾಹ್ನ ಕೂತು ಕಂಡುಹಿಡಿದರು.

"ಔಷಧ ನಿನ್ ಹತ್ರಾನೇ ಇದೆಯಲ್ಲಕ್ಕ! ಇವತ್ತೇ ಹಾಕೋಣ," ಎಂದರು ಅದೆಯಿಲ್ತನ್.

"ಆಗಲ್ಲ."

"ಡಾಕ್ಟರ್ ವಲ್ಕೀರಿಯಾ ನನ್ನ ತಿಂದ್ಹಾಕ್ತಾರೆ."

"ತಿನ್ಲಿ. ಒಂದು ಸಲ ನಂದು ಬಿದ್ದಿದೆ. ನಾಲ್ಕು ಜನ ನೋಡಿ, ತಪ್ಪು ತೆಗೆದು, ಆಯ್ತು ಅನ್ನೋವರೆಗೂ ಮಕ್ಕಳ ಎದೆ ಮೇಲೆ ನನ್ನ ಪರೀಕ್ಷೆ ಬೇಡ."

ಅದೆಯಿಲ್ತನ್ ಮುನಿಸಿಕೊಂಡು ಕಾಫಿ ಕುಡಿಯದೆ ಹೊರಟರು. ಬಾಗಿಲವರೆಗೆ ಹೋದವರು ಹಿಂದಿರುಗಿ ಕುಡಿದೇ ಹೋದರು. ಆ ಹಟ ಒಳ್ಳೆಯದೇ ಆಯಿತು. ಮುಂದಿನ ಸುತ್ತಿನಲ್ಲಿ ಓತಾಕರ್ ಇನ್ನೊಂದು ತಪ್ಪು ಹಿಡಿದರು: ಎರಡು ಕೆಲಸಗಳು ಒಂದೇ ಕ್ಷಣದಲ್ಲಿ ಅದೇ ಪುಟವನ್ನು ಒಡೆಯಹೊರಟರೆ ಒಂದು ಹಾದಿ ತಪ್ಪುತ್ತಿತ್ತು. ಜುಸಾರಾ ಅದನ್ನು ತಿದ್ದಿ ಮತ್ತೆ ಕಳಿಸಿದರು.

ಉತ್ತರ ಬಂದದ್ದು ಕಳೆದ ವರ್ಷ ಸಾವೊ ಜೊವಾವೊ ಹಬ್ಬದ ಹಿಂದಿನ ಸಂಜೆ. ಮನೆ ಮನೆಯ ಮುಂದೆ ಬೆಂಕಿ ಹೊತ್ತಿತ್ತು. ಮೂಲೆಯಲ್ಲಿ ಅಕಾರ್ಡಿಯನ್ ನುಡಿಯುತ್ತಿತ್ತು. ಫೋನ್ ನೋಡಿದ ಜುಸಾರಾ ಬೀದಿಯ ಮಧ್ಯದಲ್ಲೇ ನಿಂತುಬಿಟ್ಟರು. "ಚೆನ್ನಾಗಿದೆ, ಸೇರಿಸಿಕೊಂಡೆ" ಎಂದು ಬರೆದಿದ್ದರು ಓತಾಕರ್.

"ಆ ಮನುಷ್ಯ 'ಚೆನ್ನಾಗಿದೆ' ಅಂದ್ರೆ, ಬೇರೆಯೋರು ನಮ್ಮನ್ನ ಹೊತ್ಕೊಂಡು ಮೆರೆಸಿದ ಹಾಗೆ," ಎಂದು ಈಗಲೂ ಕಣ್ಣರಳಿಸುತ್ತಾರೆ.

ಅದೆಯಿಲ್ತನ್ ತ್ರಿಕೋನ ಬಿಟ್ಟು ಮೈಕ್ ಕಿತ್ತುಕೊಂಡರು. "ನಮ್ಮ ಜುಸಾರಾಕ್ಕಂದು ಪಾಸಾಯ್ತು!" ಏನು ಪಾಸಾಯಿತೆಂದು ಯಾರಿಗೂ ತಿಳಿಯಲಿಲ್ಲ. "ಡ್ರೈವಿಂಗ್ ಪರೀಕ್ಷೆನಾ?" ಎಂದು ಒಬ್ಬರು ಕೂಗಿದರು. "ಕೊನೆಗೂ ಆಯ್ತಾ!" ಎಂದರು ಇನ್ನೊಬ್ಬರು. ನಾನೂ ಸೇರಿದಂತೆ ಎಲ್ಲರೂ ಕುಣಿದೆವು.

ತಿದ್ದುಪಡಿ ಹೊತ್ತ ಕರ್ನಲ್ ಹೊರಬಂದು, ಆಸ್ಪತ್ರೆಯವರು ತಮ್ಮ ಪರೀಕ್ಷೆ ಮುಗಿಸಿ ಅದನ್ನು ಹಾಕುವಷ್ಟರಲ್ಲಿ ತಿಂಗಳುಗಳೇ ಕಳೆದವು. ಆ ದಿನ ಅದೆಯಿಲ್ತನ್ ಜುಸಾರಾರನ್ನು ಎಳೆದುಕೊಂಡೇ ಹೋದರು. ನಾನೂ ಹಿಂದೆ ಹೋದೆ. ಕತ್ತಲೆ ಕೋಣೆಯಲ್ಲಿ ಡಾಕ್ಟರ್ ವಲ್ಕೀರಿಯಾ ಪರದೆಯ ಮುಂದೆ ಕೂತಿದ್ದರು. ದೂರದ ಕಾತೊಲೆ ದೊ ರೋಶಾ ಊರಿನಲ್ಲಿ ಹಿಂದಿನ ದಿನ ಹುಟ್ಟಿದ ಹೆಣ್ಣುಮಗುವೊಂದರ ಹೃದಯ ಬೂದು ಬಣ್ಣದಲ್ಲಿ ತೆರೆದು ಮುಚ್ಚುತ್ತಿತ್ತು. ವೈದ್ಯೆ ಪರದೆಯನ್ನು ಒಮ್ಮೆ ತಟ್ಟಿ ನೋಡಿದರು.

"ಇವತ್ತೇನು, ನಿಲ್ತಾನೇ ಇಲ್ಲ?"

"ಇನ್ಮೇಲೆ ನಿಲ್ಲಲ್ಲ ಡಾಕ್ಟ್ರೇ," ಎಂದರು ಅದೆಯಿಲ್ತನ್, ಎಲ್ಲವನ್ನೂ ತಾವೇ ಮಾಡಿದವರಂತೆ.

ಸಣ್ಣದೊಂದು ತೂತು ಇದೆ, ತಾನಾಗಿ ಮುಚ್ಚಿಕೊಳ್ಳುತ್ತದೆ, ಹೆದರಬೇಡಿ ಎಂದು ವೈದ್ಯೆ ಫೋನಿನಲ್ಲಿ ಆ ಕಡೆಯ ನರ್ಸಿಗೆ ಹೇಳಿದರು. ಜುಸಾರಾ ಬಾಗಿಲಿಗೆ ಒರಗಿ ನೋಡುತ್ತಲೇ ಇದ್ದರು. ಇಷ್ಟು ವರ್ಷ ಬರೆದದ್ದು ಕೆಲಸ ಮಾಡುವುದನ್ನು ಅವರು ಕಣ್ಣಾರೆ ಕಂಡದ್ದು ಅದೇ ಮೊದಲು.

ಇನ್ನೇನಾದರೂ ಆಸೆ ಇದೆಯಾ ಎಂದು ಇವತ್ತು ಕುಸ್ಕುಸ್ ತಿನ್ನುತ್ತಾ ಕೇಳುತ್ತೇನೆ. ಜುಸಾರಾ ತಟ್ಟೆಯನ್ನು ಪಕ್ಕಕ್ಕೆ ಸರಿಸುತ್ತಾರೆ.

"ಆ ಪರದೇಲಿ ಚಿತ್ರ ಮಾತ್ರ ಬರುತ್ತೆ, ಸದ್ದು ಬರಲ್ಲ. ಒಂದ್ಸಲ ಬಸ್ ಹತ್ತಿ ಕಾತೊಲೆಗೆ ಹೋಗ್ಬೇಕು. ಆ ಮಗು ಕಿರುಚಾಡೋದನ್ನ ಕೇಳ್ಬೇಕು."