ಬಾಯಿಗೆ ಅಕ್ಕಿ ಬಿದ್ದ ಕೂಸು

ಚಾಮರಾಜನಗರಕ್ಕೆ ಬಂದ ಹೊಸದರಲ್ಲಿ ನಾನೊಂದು ಬಟ್ಟೆಯ ಕೂಸಿನ ಬಾಯಿಗೆ ಅಕ್ಕಿ ಹಾಕಿದೆ. ನೋಡುತ್ತಿದ್ದ ಮನೆಯೊಡತಿ ದೊಡ್ಡತಾಯಮ್ಮ ಕಿಟಾರನೆ ಕಿರುಚಿದರು. "ಅಯ್ಯಯ್ಯೋ, ಏನವ್ವ ಮಾಡ್ಬುಟ್ಟೆ! ಬಾಯ್ಗ ಅಕ್ಕಿ ಆಕ್ಬುಟ್ಟಲ್ಲ!" ಅಂದವರೇ ಕೈಯಲ್ಲಿದ್ದ ಮೊರ ಕೆಡವಿ, ಗೋಡೆ ಹಿಡಿದು ಕುಸಿದು ಕುಳಿತರು.

ನಮ್ಮ ಮುಧೋಳದ ಕಡೆಯವರಿಗೆ ಇದರಲ್ಲಿ ಕಿರುಚುವಂಥದ್ದೇನಿದೆ ಅನ್ನಿಸಬಹುದು. ನನಗೂ ಅನ್ನಿಸಿತ್ತು. ನಮ್ಮ ಓಣಿಯಲ್ಲಿ ಹೆಣವನ್ನು ಕುಳ್ಳಿರಿಸಿ, ವಿಭೂತಿ ಹಚ್ಚಿ, ಭಜನೆ ಮಾಡಿ ಮಣ್ಣಿಗೆ ಒಯ್ಯುತ್ತಾರೆ. ಇಲ್ಲಿ ಒಯ್ಯುವ ಮುಂಚೆ ನೆಂಟರೆಲ್ಲ ಒಬ್ಬೊಬ್ಬರಾಗಿ ಬಂದು ಸತ್ತವರ ಬಾಯಿಗೆ ಅಕ್ಕಿ ಹಾಕುತ್ತಾರೆ. ಅದೇ ಕಡೆಯ ತುತ್ತು. ಜಗಳದಲ್ಲಿ "ನಿನ್ ಬಾಯ್ಗ ಅಕ್ಕಿ ಆಕ" ಎಂದರೆ ಅದಕ್ಕಿಂತ ಕೆಟ್ಟ ಶಾಪವಿಲ್ಲ. ನಾನೋ, ಏನೂ ತಿಳಿಯದೆ ಹಾಡು ಗುನುಗುತ್ತ ಮುಷ್ಟಿ ಮುಷ್ಟಿ ತುಂಬುತ್ತಿದ್ದೆ.

ಇಲ್ಲಿನ ನರ್ಸಿಂಗ್ ಶಾಲೆಯೊಂದರಲ್ಲಿ ನಾನು ಪಾಠ ಹೇಳುವವಳು. ಹುಟ್ಟಿದೊಡನೆ ಅಳದ ಕೂಸಿಗೆ ಗಾಳಿಚೀಲ ಒತ್ತಿ ಉಸಿರು ಕೊಡುವುದನ್ನು ಹುಡುಗಿಯರಿಗೆ ಕಲಿಸಬೇಕು. ಅದಕ್ಕೆಂದೇ ಕೊಂಡ ಬೊಂಬೆ ಶಾಲೆಯಲ್ಲಿದೆ, ಗಾಜಿನ ಬೀರುವಿನೊಳಗೆ ಮಹಾರಾಣಿಯಂತೆ ಮಲಗಿದೆ. ಹಾಳಾದೀತೆಂದು ಯಾರಿಗೂ ಮುಟ್ಟಗೊಡುವುದಿಲ್ಲ. ಮುಟ್ಟದೆ ಕಲಿಯಲು ಇದೇನು ಪುರಾಣವೇ? ಹಳೆಯ ಸೀರೆ ಹರಿದು ನಾನೇ ಒಂದು ಕೂಸು ಹೊಲಿದೆ. ಆಸ್ಪತ್ರೆಯ ಕೈಗವಸು ಅದರ ಶ್ವಾಸಕೋಶ, ಪ್ಲಾಸ್ಟಿಕ್ ಕೊಳವೆ ಗಂಟಲು. ಕೊಳವೆಯ ತುದಿಗೆ ರಬ್ಬರ್ ಆಟಿಕೆಯಿಂದ ಕಿತ್ತ ಪೀಪಿ. ತಲೆಯನ್ನು ಸರಿಯಾಗಿ ಹಿಡಿದು ಒತ್ತಿದರೆ ಎದೆ ಉಬ್ಬಿ "ಕುಂಯ್" ಅನ್ನುತ್ತದೆ, ತಪ್ಪಿದರೆ ಸುಮ್ಮನಿರುತ್ತದೆ. ನಮ್ಮಲ್ಲಾದರೆ ತೂಕಕ್ಕೆ ಜೋಳ ತುಂಬುತ್ತಿದ್ದೆವು. ಇಲ್ಲಿ ಜೋಳ ಕೇಳಿದರೆ ಅಂಗಡಿಯವ ಮುಸುಕಿನ ಜೋಳ ತೋರಿಸಿದ. ಬೆನ್ನಿನ ಹೊಲಿಗೆ ಮುಗಿದಿತ್ತು, ಬಿಚ್ಚಲು ಬೇಸರ, ಮನೆಯಲ್ಲಿ ಅಕ್ಕಿಯಿತ್ತು, ಕೊಳವೆಯ ಪಕ್ಕದಿಂದ ಬಾಯಿಗೇ ಸುರಿದೆ.

ದೊಡ್ಡತಾಯಮ್ಮನ ಹಿತ್ತಿಲ ಕಡೆಯ ಕೋಣೆಯಲ್ಲಿ ನನ್ನ ಬಿಡಾರ. ನನ್ನ "ಹೌದ್ರೀ"ಗೆ ಅವರು ನಗುತ್ತಿದ್ದರು. ನಾನು ಮುದ್ದೆಯನ್ನು ರೊಟ್ಟಿಯ ಹಾಗೆ ಅಗಿದಾಗ "ನುಂಗವ್ವ, ಅದ್ಯಾಕ ದನ ಮೆಲ್ಕಾಕ್ದಂಗ ಮಾಡಿಯೆ" ಎಂದು ತಲೆ ಚಚ್ಚಿಕೊಳ್ಳುತ್ತಿದ್ದರು. ಮಾತು ಬೇರೆ, ಊಟ ಬೇರೆ. ಆದರೆ ಕೂಸಿಗೆ ಅವರೂ ಕೂಸು ಅನ್ನುತ್ತಾರೆ, ನಾವೂ ಕೂಸು ಅನ್ನುತ್ತೇವೆ. ಅದೊಂದು ಮಾತಿಗೆ ನನಗೆ ಈ ಮನೆ ಹಿಡಿಸಿತ್ತು.

ಆ ದಿನ ಸುಧಾರಿಸಿಕೊಂಡ ಮೇಲೆ ಅವರು ಖಡಾಖಂಡಿತ ಹೇಳಿದರು: "ಮಾದೇವಿ ಬಾಣಂತನಕ್ಕ ಬತ್ತಾಳ. ಅಷ್ಟ್ರಲ್ಲಿ ಈ ಸತ್ ಕೂಸು ಮನೆಯಿಂದ ಆಚ್ಗ ಓಗ್ಬೇಕು. ಆಗಲ್ಲ ಅಂದ್ರ ನೀನೂ ಓಗು." ಮಾದೇವಿ ಅವರ ಒಬ್ಬಳೇ ಮಗಳು, ಹಂಗಳಕ್ಕೆ ಕೊಟ್ಟಿದ್ದಾರೆ. ಮೊದಲ ಹೆರಿಗೆ ಆಸ್ಪತ್ರೆಗೆ ಹೋಗುವ ದಾರಿಯಲ್ಲಿ, ಜೀಪಿನಲ್ಲೇ ಆಗಿತ್ತಂತೆ.

"ಗಂಡು ಕೂಸು ಕಣವ್ವ. ಅಳ್ನಿಲ್ಲ. ನಾನು ಬೆನ್ ತಟ್ದಿ, ಕಾಲ್ ಉಜ್ದಿ, ಅಳ್ನೇ ಇಲ್ಲ. ಎಳೇ ಕೂಸ್ಗ ಅಕ್ಕಿ ಆಕಲ್ಲ, ಬ್ಯಾಡ ಅಂದ್ರು ಎಲ್ರೂವ. ಅಸ್ಕಂಡ್ ಓಯ್ತದಲ್ಲ ಅಂತ ನಾನೇ ನಾಕ್ ಕಾಳ ಬಾಯ್ಗ ಆಕ್ದಿ."

ನಾನು ಆ ರಾತ್ರಿಯೇ ಕೂಸಿನ ಬೆನ್ನು ಬಿಚ್ಚಿ ಅಕ್ಕಿ ಸುರಿದು, ರಾಗಿ ತುಂಬಿ ಹೊಲಿದೆ. ಇನ್ನೊಂದು ಮನೆ ಸಿಗುವವರೆಗೆ ಅದನ್ನು ಗೋಡೆಯತ್ತ ಮುಖ ಮಾಡಿ ಮಲಗಿಸಿ ಶಾಲೆಗೆ ಹೋಗತೊಡಗಿದೆ. ಸಂಜೆ ಬಂದರೆ ಅದು ಬಾಗಿಲ ಕಡೆ ನೋಡುತ್ತಿರುತ್ತಿತ್ತು. ಒಂದು ದಿನ ಮೈಮೇಲೆ ಪಂಚೆಯ ತುಂಡು, ಇನ್ನೊಂದು ದಿನ ಕೆನ್ನೆಯಲ್ಲಿ ದೃಷ್ಟಿಬೊಟ್ಟು. ಯಾರ ಕೆಲಸವೆಂದು ಗೊತ್ತಿದ್ದೂ ನನಗೆ ಹೆದರಿಕೆಯಾಗುತ್ತಿತ್ತು. ಬಟ್ಟೆ ಬದಲಿಸುವಾಗ ಅದಕ್ಕೆ ಬೆನ್ನು ತಿರುಗಿಸಿ ನಿಲ್ಲುತ್ತಿದ್ದೆ, ನಗಬೇಡಿ.

ಒಂದು ಭಾನುವಾರ ಮಧ್ಯಾಹ್ನ ಬಟ್ಟೆ ಒಗೆದು ಬಂದರೆ ದೊಡ್ಡತಾಯಮ್ಮ ನನ್ನ ಕೋಣೆಯಲ್ಲಿ ಕೂಸಿನ ಮುಂದೆ ಕೂತಿದ್ದರು. ಗಾಳಿಚೀಲ ಹಿಡಿದು ಒತ್ತುತ್ತಿದ್ದರು, ಕಣ್ಣಲ್ಲಿ ನೀರು. "ನಂಗ ಅಳಲ್ಲ ಅಂತದ ಇದು. ನಿಂಗಾದ್ರ ಅಳ್ತದ."

ಅವರ ಕೈಯ ಮೇಲೆ ಕೈಯಿಟ್ಟು, ಕೂಸಿನ ಗದ್ದವನ್ನು ಕೊಂಚ ಎತ್ತಿ, ಬಾಯಿ ಮೂಗಿನ ಮೇಲೆ ಗಾಳಿಚೀಲದ ಮುಖವಾಡ ಕೂರಿಸಿದೆ. ಒತ್ತಿದರು. ಎದೆ ಉಬ್ಬಿತು. ಕುಂಯ್. ಮತ್ತೆ ಒತ್ತಿದರು. ಆಮೇಲೆ ನನ್ನ ಮುಖ ನೋಡದೆ ಕೇಳಿದರು: "ಅವತ್ತು ಯಾರಾರು ಇಂಗ ಒತ್ತಿದ್ರ ಅದು ಅಳ್ತಿತ್ತ?"

ಅಳುತ್ತಿತ್ತೇನೋ. ಎಷ್ಟೋ ಕೂಸುಗಳು ಅಳುತ್ತವೆ. "ಗೊತ್ತಿಲ್ಲಮ್ಮ" ಅಂದೆ.

"ಗೊತ್ತದ ನಿಂಗ" ಅಂದರು. ಬೈಯಲಿಲ್ಲ. ಮನೆ ಬಿಡು ಎಂಬ ಮಾತನ್ನೂ ಮತ್ತೆ ಎತ್ತಲಿಲ್ಲ.

ಈಗ ನಮ್ಮ ಹುಡುಗಿಯರು ಗುಂಡ್ಲುಪೇಟೆಯ ಆಸ್ಪತ್ರೆಯಲ್ಲಿ ಕೆಲಸ ಕಲಿಯುತ್ತಿದ್ದಾರೆ. ನಾನು ಪಂಚೆ ಸುತ್ತಿದ ಕೂಸನ್ನು ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಹೋಗಿಬರುತ್ತೇನೆ. ಮೊನ್ನೆ ಬೇಗೂರಿನ ಹೆಂಗಸೊಬ್ಬಳು ಸರಿದು ಜಾಗ ಕೊಟ್ಟು, "ಗಂಡೋ ಹೆಣ್ಣೋ ಕಣಮ್ಮಿ?" ಎಂದಳು. "ಗಂಡು" ಎಂದು ನನ್ನ ಬಾಯಿಂದ ತಾನಾಗಿ ಬಂತು. ಇಳಿಯುವವರೆಗೂ ಕೂಸಿನ ಮುಖದ ಮೇಲಿನ ಪಂಚೆ ಸರಿಸಲಿಲ್ಲ.

ಹೋದ ವಾರ ಊರಿನಿಂದ ಅವ್ವ ಫೋನು ಮಾಡಿದಳು. ನಮ್ಮ ಕಡೆಯೇ ಕೆಲಸವೊಂದು ಸಿಗುವಂತಿದೆ, ಬಂದುಬಿಡು ಎಂದಳು. ಎಷ್ಟು ದಿನ ಕಾದಿದ್ದ ಸುದ್ದಿ! ದೊಡ್ಡತಾಯಮ್ಮನಿಗೆ ಹೇಳಿದೆ. ಅವರು ಮೊರದಲ್ಲಿನ ಅಕ್ಕಿಯಿಂದ ಕಣ್ಣೆತ್ತಲಿಲ್ಲ.

"ಓಗಂಗಿದ್ರ ಓಗವ್ವ. ಕೂಸ್ನೂ ಚೀಲಾನೂ ಬುಟ್ಟೋಗು. ಮಾದೇವಿ ಕೂಸು ಅಳಗಂಟ."

"ಹೆರಿಗೆ ಆಸ್ಪತ್ರೆಯಲ್ಲೇ ಆಗಲಿ ಅಮ್ಮ, ಅಲ್ಲಿ ಕಲಿತವರು ಇರುತ್ತಾರೆ."

"ಆಸ್ಪತ್ರೇಲೇ. ಇನ್ನೊಂದ್ಸಾರಿ ದಾರೀಲಾಗ್ಬುಟ್ರ?"

ಮರುದಿನ ಫೋನಿನಲ್ಲಿ ಅವ್ವನಿಗೆ ಹೇಳಿದೆ, ಮಾದೇವಿಯ ಕೂಸು ಅಳುವವರೆಗೆ ಬರುವುದಿಲ್ಲ ಎಂದು.

"ಯಾರವಾ ಈ ಮಾದೇವಿ?"

"ನಮ್ಮ ಮನೀ ಹುಡುಗಿ."

"ನಮ್ಮ ಮನಿ ಇಲ್ಲೈತೆಲ್ಲವಾ" ಎಂದು ಅವ್ವ ಮೆಲ್ಲಗೆ ಅಂದಳು. ಅಷ್ಟರಲ್ಲಿ ನನ್ನ ಕೋಣೆಯೊಳಗೆ ದೊಡ್ಡತಾಯಮ್ಮ ಒತ್ತಲು ಶುರು ಮಾಡಿದ್ದರು. ಕುಂಯ್. ಕುಂಯ್.

"ಅದ್ಯಾರ ಕೂಸವಾ," ಅವ್ವ ಕೇಳಿದಳು, "ಅಲ್ಲಿ ಅಳಾಕತ್ತಿದ್ದು?"